ಕಾಲಮ್ 14 ಇವೆ, ಫೋಟೊ ಒಂದೂ ಇಲ್ಲ. ಶುರು ಮಾಡೋದು ಹೇಗೆ?

ಸಂತೇಪೇಟೆ_ಹುಡುಗ

ನಮಸ್ಕಾರ. ಹುಟ್ಟಿದ್ದು, ಬೆಳೆದಿದ್ದು ಎಲ್ಲಾ ಮೈಸೂರಲ್ಲೇ. ಇಲ್ಲಿನ ಹಳೇ ಅಂಗಡಿಗಳ ಕೈಬರಹದ ಬೋರ್ಡುಗಳ ಫೋಟೊ ತೆಗೆದು ಒಂದು ಕಡೆ ಸೇರಿಸಿಡಬೇಕು ಅಂತ ಮೂರು ವರ್ಷದಿಂದ ಆಸೆ. ಸಂತೇಪೇಟೆ, ಅಗ್ರಹಾರ, ಮಂಡಿ ಮೊಹಲ್ಲಾ ಎಲ್ಲಿ ಓಡಾಡಿದರೂ ಕಣ್ಣು ಮೇಲಕ್ಕೇ ಹೋಗುತ್ತದೆ.

ಆದರೆ ಇವತ್ತಿನವರೆಗೆ ಒಂದು ಫೋಟೊನೂ ತೆಗೆದಿಲ್ಲ. ಇರೋದು ಒಂದು ಎಕ್ಸೆಲ್ ಶೀಟ್. ಅದರಲ್ಲಿ 14 ಕಾಲಮ್: ಬೀದಿ, ಬಣ್ಣ, ಅಕ್ಷರದ ಶೈಲಿ, ಬರೆದವರು, ಬರೆದ ವರ್ಷ, ಹೀಗೆ. ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಎಷ್ಟೋ ರಾತ್ರಿ ವಿಡಿಯೊ ನೋಡಿದ್ದೇನೆ. ವರ್ಷ ಗೊತ್ತಾಗದಿದ್ದರೆ ಏನು ಬರೆಯೋದು? ಒಂದು ಬೀದಿ ಬಿಟ್ಟುಹೋದರೆ? ಅರ್ಧಂಬರ್ಧ ಮಾಡೋದಕ್ಕಿಂತ ಸುಮ್ನೆ ಇರೋದೇ ವಾಸಿ ಅನ್ನಿಸಿಬಿಡುತ್ತದೆ.

ಹೋದ ತಿಂಗಳು ಅಶೋಕ ರಸ್ತೆ ಕಡೆ ಹೋಗಿದ್ದೆ. ಅಲ್ಲೊಂದು ವಾಚ್ ರಿಪೇರಿ ಅಂಗಡಿ. ನೀಲಿ ತಗಡಿನ ಮೇಲೆ ಹಳದಿ ಅಕ್ಷರ. 'ವಾಚ್' ಪದದ 'ಚ್' ಮೇಲಿನ ಕೊಕ್ಕೆಯನ್ನು ಗಡಿಯಾರದ ಮುಳ್ಳಿನ ಹಾಗೆ ಚೂಪಾಗಿ ಎಳೆದಿದ್ದರು. ಈಗ ಅಲ್ಲಿ ಫ್ಲೆಕ್ಸ್ ಇದೆ. ತಗಡು ಗುಜರಿಗೆ ಹೋಯಿತಂತೆ. ಅವತ್ತು ಊಟ ಸೇರಲಿಲ್ಲ.

ಹೀಗೆ ಯೋಚನೆಯಲ್ಲೇ ಸಿಕ್ಕಿಕೊಂಡು ಆಮೇಲೆ ಹೊರಗೆ ಬಂದವರು ಯಾರಾದರೂ ಇದ್ದೀರಾ?

ಪೇಂಟರ್_ಮಗಳು (ಮಂಡ್ಯ)

ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದರು. ಈಗ ಕೈ ನಡುಗುತ್ತದೆ, ಬಿಟ್ಟಿದ್ದಾರೆ. ಅವರು ಹೇಗೆ ಶುರು ಮಾಡುತ್ತಿದ್ದರು ಹೇಳುತ್ತೇನೆ.

ಸೀಮೆಸುಣ್ಣದ ಪುಡಿ ಸವರಿದ ದಾರದ ಒಂದು ತುದಿ ನಾನು ಹಿಡಿಯಬೇಕು, ಇನ್ನೊಂದು ತುದಿ ಅವರು. ನಡುವೆ ಮೀಟಿದರೆ ತಗಡಿನ ಮೇಲೆ ಬಿಳಿ ಗೆರೆ ಬೀಳುತ್ತಿತ್ತು. ಮೇಲೊಂದು, ಕೆಳಗೊಂದು. ಒತ್ತಕ್ಷರಕ್ಕೆ ಅಂತ ಕೆಳಗೆ ಇನ್ನೊಂದಿಷ್ಟು ಜಾಗ. ಸೀಮೆಸುಣ್ಣದಲ್ಲಿ ತೆಳುವಾಗಿ ಅಕ್ಷರ, ಅದರ ಮೇಲೆ ಎನಾಮಲ್. ತಯಾರಿ ಅಷ್ಟೇ. ತಪ್ಪಿದರೆ ಒರೆಸೋಕೆ ಸೀಮೆಎಣ್ಣೆ ಬಟ್ಟೆ ಹೆಗಲ ಮೇಲೇ ಇರುತ್ತಿತ್ತು. ಒಂದು ಸಲ 'ಸ್ಟೋರ್ಸ್' ಬರೆಯುವಾಗ ಜಾಗ ಸಾಲದೆ ಕೊನೆಯ ಅಕ್ಷರ ಸಣ್ಣದಾಯಿತು. ಅಂಗಡಿಯವರು ಇಪ್ಪತ್ತು ವರ್ಷ ಆ ಬೋರ್ಡನ್ನೇ ಇಟ್ಟುಕೊಂಡಿದ್ದರು.

ಬೋರ್ಡಿನ ಕೆಳಮೂಲೆ ನೋಡಿ. ಎಷ್ಟೋ ಜನ ಅಲ್ಲಿ ಸಣ್ಣದಾಗಿ ಹೆಸರು ಹಾಕಿರುತ್ತಾರೆ. ದಯವಿಟ್ಟು ಅದು ಫೋಟೊದಲ್ಲಿ ಬರಲಿ.

ಕೆಆರ್_ಮೊಹಲ್ಲಾ

ಬಣ್ಣ, ಶೈಲಿ, ಸಹಿ ಎಲ್ಲಾ ಫೋಟೊ ನೋಡಿ ಆಮೇಲೂ ತುಂಬಬಹುದು, ಅಲ್ವಾ? ಆಮೇಲೆ ತುಂಬಲು ಆಗದ್ದು ಎರಡೇ: ಎಲ್ಲಿ ತೆಗೆದದ್ದು, ಅಂಗಡಿಯವರು ಏನು ಹೇಳಿದರು. ಉಳಿದ ಕಾಲಮ್ ಸದ್ಯಕ್ಕೆ ಮುಚ್ಚಿಡಿ.

ಇಡೀ ಮೈಸೂರು ಅಂತ ಅಂದುಕೊಳ್ಳಲೇ ಬೇಡಿ. ಚಿಕ್ಕ ಗಡಿಯಾರ ಗೋಪುರದಿಂದ ಧನ್ವಂತ್ರಿ ರಸ್ತೆವರೆಗೆ, ದೇವರಾಜ ಮಾರುಕಟ್ಟೆ ಪಕ್ಕದ ಅಷ್ಟು ಮಾತ್ರ. ಅಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿಯಿತು, ಮಾರುಕಟ್ಟೆಯದ್ದು 2016ರಲ್ಲಿ. ಕಲ್ಲು ಗಾರೆಯ ಕಥೆಯೇ ಹೀಗಿರುವಾಗ ತಗಡಿನ ಬೋರ್ಡು ಎಷ್ಟು ದಿನ ಇರುತ್ತದೆ?

ಫೋನೇ ಸಾಕು. ಎನಾಮಲ್ ಹೊಳೆಯುತ್ತದೆ, ನೇರ ಬಿಸಿಲು ಬಿದ್ದರೆ ಅಕ್ಷರ ಕಾಣಲ್ಲ. ಬೆಳಗ್ಗೆ 7ಕ್ಕೆ ಹೋಗಿ. ಬೋರ್ಡಿನ ಕೆಳಗೆ ನಿಂತು ಕತ್ತೆತ್ತಿ ತೆಗೆಯಬೇಡಿ, ವಾಲುತ್ತದೆ. ರಸ್ತೆಯ ಆಚೆ ಬದಿಯಲ್ಲಿ ನಿಂತು ಜೂಮ್ ಮಾಡಿ.

ಸಕ್ಕರೆ_ನಾಡು

ಒಂದೇ ಮಾತು. ಶ್ರೀರಂಗಪಟ್ಟಣದ ಹಳೇ ಮನೆ ಬಾಗಿಲುಗಳದ್ದು ಹುಮ್ಮಸ್ಸಿನಲ್ಲಿ ಮುನ್ನೂರು ಫೋಟೊ ತೆಗೆದೆ. ಫೋನಿನಲ್ಲಿ ಲೊಕೇಶನ್ ಆಫ್ ಇತ್ತು. ಈಗ ಅರ್ಧಕ್ಕರ್ಧ ಯಾವ ಬೀದಿಯದ್ದು ಅಂತ ಗೊತ್ತಿಲ್ಲ. ಹೊರಡುವ ಮುಂಚೆ ಅದನ್ನು ಮಾತ್ರ ಆನ್ ಮಾಡಿಕೊಳ್ಳಿ.

ಸಂತೇಪೇಟೆ_ಹುಡುಗ (ಭಾನುವಾರ)

ಹೋಗಿ ಬಂದೆ. 11 ಬೋರ್ಡು ಸಿಕ್ಕವು. ಎರಡು ಫೋಟೊ ಅಲುಗಾಡಿವೆ, ಒಂದಕ್ಕೆ ಕರೆಂಟ್ ವೈರ್ ಅಡ್ಡ ಬಂದಿದೆ. ಅಳಿಸದೆ ಹಾಗೇ ಇಟ್ಟಿದ್ದೇನೆ.

ಒಬ್ಬ ಯಜಮಾನರು ಶಟರ್ ಎತ್ತುತ್ತಿದ್ದರು. "ಯಾಕಪ್ಪಾ, ಕಾರ್ಪೊರೇಷನ್ನಿನವರಾ?" ಅಂದರು. ವಿಷಯ ಹೇಳಿದೆ. ಒಳಗಿಂದ ಸ್ಟೂಲ್ ತಂದು, ತಾವೇ ಹತ್ತಿ, ಒದ್ದೆ ಬಟ್ಟೆಯಲ್ಲಿ ಕೆಳಮೂಲೆ ಒರೆಸಿದರು. ಧೂಳಿನ ಅಡಿಯಲ್ಲಿ ಒಂದು ಹೆಸರು, ಪಕ್ಕದಲ್ಲಿ '84'. ಇಷ್ಟು ವರ್ಷದಲ್ಲಿ ಅವರೂ ಅದನ್ನು ನೋಡಿರಲಿಲ್ಲವಂತೆ.

ಪೇಂಟರ್_ಮಗಳು ಅವರೇ, ಹೆಸರಿನ ಮೊದಲ ಅಕ್ಷರದ ಬಣ್ಣ ಉದುರಿದೆ. 'ಪ' ನೋ 'ವ' ನೋ ತಿಳಿಯುತ್ತಿಲ್ಲ. ಫೋಟೊ ಹಾಕಿದ್ದೇನೆ. ನಿಮ್ಮ ತಂದೆಯವರಿಗೆ ಒಂದು ಸಲ ತೋರಿಸುತ್ತೀರಾ?