ಸಹಾಯ ಬೇಕು: ಫೋನಲ್ಲಿ ಪಟಪಟ, ಎದುರಿಗೆ ಬಾಯೇ ಬಿಡಲ್ಲ

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಹತ್ತಿರದವರು. ತಮ್ಮನ ವಿಷಯಕ್ಕೆ ಸ್ವಲ್ಪ ಸಲಹೆ ಬೇಕಿತ್ತು.

ಅವನದು ಬಿ.ಕಾಂ ಕೊನೆಯ ವರ್ಷ. ಇನ್‌ಸ್ಟಾಗ್ರಾಂನಲ್ಲಿ ಅವನ ಕಾಮೆಂಟ್ ಓದಿದರೆ ನಗು ತಡೆಯೋಕಾಗಲ್ಲ, ಅಷ್ಟು ಚುರುಕು. ಆದರೆ ಮನೆಗೆ ನೆಂಟರು ಬಂದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. ಹೋದ ವಾರ ದೊಡ್ಡಪ್ಪ "ಏನೋ ಮಾರಾಯಾ, ಓದು ಎಲ್ಲಿಗೆ ಬಂತು?" ಅಂದರೆ ನೆಲ ನೋಡಿಕೊಂಡು "ಹ್ಞೂಂ" ಅಂದ, ಅಷ್ಟೇ, ಆಮೇಲೆ ಅದೇ ದೊಡ್ಡಪ್ಪನಿಗೆ ವಾಟ್ಸಾಪಲ್ಲಿ ಇಷ್ಟುದ್ದ ಮೆಸೇಜ್ ಕಳಿಸಿದ್ದಾನೆ, ಆಗ ಮಾತೇ ಬರಲಿಲ್ಲ, ಬೇಜಾರು ಮಾಡ್ಕೋಬೇಡಿ ಅಂತ! ಓದಿ ನನಗೇ ಸಂಕಟವಾಯಿತು. ಕೇಳಿದರೆ, "ಟೈಪ್ ಮಾಡುವಾಗ ಅಳಿಸಿ ಮತ್ತೆ ಬರೀಬಹುದಲ್ವಾ ಅಣ್ಣ, ಎದುರಿಗೆ ಆ ಟೈಮ್ ಎಲ್ಲಿ ಸಿಗತ್ತೆ?" ಅನ್ನುತ್ತಾನೆ. ಮಾತು ನಿಜವೇ. 2020ರಲ್ಲಿ ಅವನು ಹೈಸ್ಕೂಲು, ಲಾಕ್‌ಡೌನಲ್ಲಿ ಪಾಠ, ಗೆಳೆಯರು ಎಲ್ಲ ಮೊಬೈಲಲ್ಲೇ. ಜಾಸ್ತಿ ಆಗಿದ್ದು ಅಲ್ಲಿಂದಲೇ ಅನಿಸುತ್ತದೆ.

ಫೋನ್ ಕಿತ್ತಿಟ್ಟುಕೊಳ್ಳಿ ಅಂತ ಮಾತ್ರ ಹೇಳಬೇಡಿ. ಅಪ್ಪ ಆ ಪ್ರಯೋಗ ಮಾಡಿ ಎರಡು ದಿನ ಮನೆ ರಣರಂಗ ಆಗಿತ್ತು.

ಇನ್ನೆರಡು ತಿಂಗಳಿಗೆ ಇಂಟರ್‌ವ್ಯೂ ಶುರು. ಹೆಗ್ಗೋಡಿನ ನೀನಾಸಂ ನಮಗೆ ಹತ್ತಿರ, ನಾಟಕದ ಕಡೆ ತಳ್ಳಿದರೆ ಸಂಕೋಚ ಬಿಡುತ್ತಾನಾ? ಅಥವಾ ಶಿವಮೊಗ್ಗದಲ್ಲಿ ಟೋಸ್ಟ್‌ಮಾಸ್ಟರ್ಸ್ ಥರ ಮಾತಿನ ಅಭ್ಯಾಸ ಮಾಡಿಸುವ, ಕನ್ನಡದಲ್ಲೇ ನಡೆಯುವ ಗುಂಪು ಯಾವುದಾದರೂ ಇದೆಯಾ? ನಿಮ್ಮ ಮನೆಯಲ್ಲೂ ಹೀಗಿದ್ದು ಸರಿಹೋಗಿದ್ದರೆ ಏನು ಮಾಡಿದಿರಿ ಅಂತ ಬರೆಯಿರಿ. ಅವನು ಈ ಗುಂಪಲ್ಲಿಲ್ಲ, ಧೈರ್ಯವಾಗಿ ಹೇಳಿ.