ಸಹಾಯ ಬೇಕು: ಪದ್ಮಿನಿ ಕಾರಿನ ಬಾಗಿಲ ಆರ್ಮ್‌ರೆಸ್ಟ್

ನಮಸ್ಕಾರ, ಡೊಂಬಿವಲಿಯಲ್ಲಿದ್ದೀನಿ. ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ, ಇಲ್ಲೇ ಮುಂಬೈನ ಕುರ್ಲಾದಲ್ಲಿ ತಯಾರಾದ ಗಾಡಿ, ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗತ್ತೆ. ಡ್ರೈವರ್ ಬಾಗಿಲ ಆರ್ಮ್‌ರೆಸ್ಟ್‌ನ ಪ್ಲಾಸ್ಟಿಕ್ ಮಾತ್ರ ಪುಡಿಪುಡಿಯಾಗಿದೆ. ಅಪ್ಪ ದಿನಾ ಕೈಯಿಡೋ ಜಾಗ, ಹಾಗೇ ಬಿಡೋಕೆ ಮನಸ್ಸಿಲ್ಲ.

ಕುರ್ಲಾದ ಗುಜರಿ ಅಂಗಡಿಗಳು, ಚೋರ್ ಬಜಾರ್ ಎಲ್ಲಾ ಸುತ್ತಿದೆ, ಸಿಕ್ಕಿದ್ದು ಎಡಗಡೆಯದೇ. ನಮ್ಮದರಲ್ಲೂ ಎಡಗಡೆಯದು ಚೆನ್ನಾಗಿದೆ, ಆದರೆ ಅದರಿಂದ ಸಿಲಿಕೋನ್ ಅಚ್ಚು ತೆಗೆದರೆ ಮತ್ತೆ ಎಡಗಡೆಯದೇ ಬರತ್ತಲ್ಲ! ಸ್ಕ್ಯಾನ್ ಮಾಡಿಸಿ, ಕಂಪ್ಯೂಟರ್‌ನಲ್ಲಿ ಕನ್ನಡಿಯಲ್ಲಿ ಕಾಣೋ ಹಾಗೆ ಬಲಗಡೆಯದಾಗಿ ಬದಲಿಸಿ, ಪಿಎಲ್‌ಎ ಅನ್ನೋ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಹಾಕಿಸಿದೆ. ಅದು 60 ಡಿಗ್ರಿ ಹತ್ತಿರವೇ ಮೆತ್ತಗಾಗತ್ತೆ. ಮೇ ಬಿಸಿಲಲ್ಲಿ ನಿಂತ ಕಾರೊಳಗೆ ಸೊಟ್ಟಗಾಯ್ತು.

ಈಗ ಇನ್ನೂ ಹೆಚ್ಚು ಬಿಸಿ ತಡೆಯೋ ಎಬಿಎಸ್ ಪ್ಲಾಸ್ಟಿಕ್‌ನಲ್ಲೇ ಪ್ರಿಂಟ್ ಹಾಕಿಸಲಾ, ಇಲ್ಲಾ ಹೊಸ ಪ್ರಿಂಟಿಂದ ಅಚ್ಚು ತೆಗೆದು ಪಿಯು (ಪಾಲಿಯುರೆಥೇನ್) ರೆಸಿನ್ ಎರಕ ಹೊಯ್ಯಿಸಲಾ? ಒಂದೇ ಪೀಸ್ ಮಾಡಿಕೊಡೋರು ಮುಂಬೈ, ಪುಣೆಯಲ್ಲಿ ಎಲ್ಲಿದ್ದಾರೆ?