ಜಿಕೆ ಓದಿದ್ದು ನೆನಪಿನಲ್ಲಿ ನಿಲ್ಲೋದು ಹೇಗೆ? ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಬಿ.ಎ. ಆಗಿದೆ. ಹಗಲು ಬಟ್ಟೆ ಅಂಗಡಿಯಲ್ಲಿ ಕೆಲಸ, ರಾತ್ರಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದು. ಸಾಮಾನ್ಯ ಕನ್ನಡ ಪರವಾಗಿಲ್ಲ. ಜಿಕೆ ಪೇಪರ್ ಮಾತ್ರ ಹಿಡಿತಕ್ಕೆ ಸಿಗ್ತಿಲ್ಲ. ದಪ್ಪನೆಯ ಪ್ರಶ್ನೋತ್ತರ ಪುಸ್ತಕ ತಂದು ಬಾಯಿಪಾಠ ಮಾಡ್ತೀನಿ, ಒಂದು ವಾರ ಕಳೆದರೆ ಅರ್ಧ ಮರೆತಿರುತ್ತೆ. ವಿಜ್ಞಾನ ಅಂದ್ರೆ ಭಯ ಬೇರೆ. ಪ್ರಚಲಿತ ವಿದ್ಯಮಾನ ಎಷ್ಟು ಹಿಂದಿನದು ಓದಬೇಕು? ಕೋಚಿಂಗ್‌ಗೆ ಹೋಗುವಷ್ಟು ದುಡ್ಡಿಲ್ಲ. ಓದಿ ಪಾಸಾದವರು, ಓದಿಸುವವರು ದಯವಿಟ್ಟು ತಿಳಿಸಿ.

ಹೈಸ್ಕೂಲ್ ಮೇಷ್ಟ್ರು, ಶಿರಸಿ

ತಂಗಿ, ಆ ದಪ್ಪ ಪುಸ್ತಕ ಸದ್ಯಕ್ಕೆ ಮುಚ್ಚಿಡು. ಆರರಿಂದ ಹತ್ತನೇ ತರಗತಿವರೆಗಿನ ಸಮಾಜ ವಿಜ್ಞಾನ ಪುಸ್ತಕ ತೆಗಿ. ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತೆ, ಮೊಬೈಲ್‌ನಲ್ಲೇ ಓದಬಹುದು.

ಇನ್ನೊಂದು ಮಾತು, ನನಗೆ ಇದೇ ಮುಖ್ಯ ಅನಿಸೋದು. ಶಾಲೆ ಪಾಠಕ್ಕೆ ಒಂದು ನೋಟ್‌ಬುಕ್, ಪ್ರಚಲಿತಕ್ಕೆ ಇನ್ನೊಂದು ಅಂತ ಇಡಬೇಡ. ಸುದ್ದಿ ಬಂದ ಕೂಡಲೇ ಅದರ ಪಾಠ ಯಾವುದು ಅಂತ ಹುಡುಕು, ಎರಡನ್ನೂ ಒಂದೇ ಪುಟದಲ್ಲಿ ಬರಿ. 2023ರ ಸೆಪ್ಟೆಂಬರ್‌ನಲ್ಲಿ ಹೊಯ್ಸಳರ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು ಅಲ್ವಾ? ಬರೀ ಅಷ್ಟನ್ನೇ ಬಾಯಿಪಾಠ ಮಾಡಿದರೆ ಮರೆತೇ ಹೋಗುತ್ತೆ. ಯಾವ ಮೂರು ಊರು ಅಂತ ಬರಿ: ಬೇಲೂರು, ಹಳೇಬೀಡು, ಸೋಮನಾಥಪುರ. ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, 1117. ಸೋಮನಾಥಪುರದ್ದು ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಅಷ್ಟು ಸಣ್ಣ ಕೆತ್ತನೆ ಹೇಗೆ ಸಾಧ್ಯವಾಯಿತು? ಬಳಪದ ಕಲ್ಲು ಮೆತ್ತಗಿರುತ್ತೆ, ಅದಕ್ಕೆ. ನಮ್ಮ ರಾಜ್ಯದ್ದು ಇದಕ್ಕೂ ಮುಂಚೆ ಯಾವುದು ಸೇರಿತ್ತು? ಹಂಪಿ 1986, ಪಟ್ಟದಕಲ್ಲು 1987, ಮತ್ತೆ 2012ರಲ್ಲಿ ಬೇರೆ ರಾಜ್ಯಗಳ ಜೊತೆ ಹಂಚಿಕೊಂಡ ಪಶ್ಚಿಮ ಘಟ್ಟ. ಹಂಪಿ ವಿಜಯನಗರದವರದು, ಪಟ್ಟದಕಲ್ಲು ಬಾದಾಮಿ ಚಾಲುಕ್ಯರದು. ನೋಡು, ಒಂದು ಸುದ್ದಿಯ ನೆಪದಲ್ಲಿ ಮೂರು ರಾಜವಂಶ ಓದಿದ ಹಾಗಾಯ್ತು. ಪ್ರಶ್ನೆ ಯಾವ ಕಡೆಯಿಂದ ತಿರುಗಿಸಿ ಕೇಳಿದರೂ ಉತ್ತರ ಹೊಳೆಯುತ್ತೆ.

ಚಂದ್ರಯಾನ-3 ಕೂಡ ಹಾಗೇ. 2023ರ ಜುಲೈ 14ಕ್ಕೆ ಶ್ರೀಹರಿಕೋಟಾದಿಂದ ಹೊರಟಿದ್ದು, ಆಗಸ್ಟ್ 23ಕ್ಕೆ ಇಳಿದಿದ್ದು. ಆಗಸ್ಟ್ 23 ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಇಳಿಯುವಾಗ ಪ್ಯಾರಾಚೂಟ್ ಯಾಕೆ ಬಳಸಲಿಲ್ಲ ಅಂತ ಕೇಳಿಕೋ. ಚಂದ್ರನ ಮೇಲೆ ಪ್ಯಾರಾಚೂಟ್ ಹಿಡಿಯುವಷ್ಟು ಗಾಳಿಯೇ ಇಲ್ಲ, ಹಾಗಾಗಿ ಎಂಜಿನ್ ಉರಿಸಿಯೇ ವೇಗ ತಗ್ಗಿಸಬೇಕು. ಹೀಗೆ ಕಾರಣ ಗೊತ್ತಿದ್ದರೆ ತಾರೀಕೂ ಜೊತೆಗೇ ನೆನಪಿರುತ್ತೆ. ನಮ್ಮ ಮಕ್ಕಳಲ್ಲಿ ಇದನ್ನ ವರ್ಷ ವರ್ಷ ನೋಡ್ತಾ ಬಂದಿದ್ದೇನೆ.

ಪ್ರಚಲಿತ ಎಷ್ಟು ಹಿಂದಿನದು ಅಂದ್ರೆ, ಪರೀಕ್ಷೆಗೆ ಮುಂಚಿನ ಒಂದು ವರ್ಷದ್ದು ಗಟ್ಟಿ ಮಾಡು. ಅದಕ್ಕಿಂತ ಹಳೆಯದರಲ್ಲಿ ದೊಡ್ಡ ಸಂಗತಿಗಳು ಸಾಕು.

ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಕೆಲಸದಲ್ಲಿರುವವಳು, ಕಲಬುರಗಿ

ಮೇಷ್ಟ್ರು ಹೇಳಿದ್ದು ಸರಿ. ಅದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ಪುಸ್ತಕ ಹಳೆಯದಾದರೆ ಉತ್ತರವೂ ಹಳೆಯದೇ ಇರುತ್ತೆ. ಸೆಕೆಂಡ್ ಹ್ಯಾಂಡ್ ಪುಸ್ತಕದಲ್ಲಿ ಓದುವವರು ಇಲ್ಲೇ ಅಂಕ ಕಳ್ಕೊಳ್ಳೋದು, ಅದನ್ನ ನೋಡಿದರೆ ಹೊಟ್ಟೆ ಉರಿಯುತ್ತೆ. ಕರ್ನಾಟಕದಲ್ಲಿ 30 ಜಿಲ್ಲೆ ಅಂತ ಇನ್ನೂ ಎಷ್ಟೋ ಕಡೆ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ 31. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಾಯ್ತು. ಶಾಸ್ತ್ರೀಯ ಭಾಷೆ ಆರು ಅಂತ ಓದಿರ್ತೀವಿ. 2024ರ ಅಕ್ಟೋಬರ್‌ನಲ್ಲಿ ಮರಾಠಿ, ಬಂಗಾಳಿ, ಅಸ್ಸಾಮಿ, ಪಾಲಿ, ಪ್ರಾಕೃತ ಸೇರಿ 11 ಆಯ್ತು. ಕನ್ನಡಕ್ಕೆ ಆ ಸ್ಥಾನ ಸಿಕ್ಕಿದ್ದು 2008ರಲ್ಲಿ, ಅದು ಬದಲಾಗಲ್ಲ. ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

ಹಾಗಾಗಿ ನಾನು ಬದಲಾಗುವ ಸಂಗತಿಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಬರೀತಿದ್ದೆ, ಪಕ್ಕದಲ್ಲಿ ಇಸವಿ ಹಾಕಿ. ಯಾರು ಯಾವ ಹುದ್ದೆಯಲ್ಲಿದ್ದಾರೆ, ಯಾವ ಸಂಘಟನೆಯಲ್ಲಿ ಎಷ್ಟು ದೇಶ ಇವೆ, ಇಂಥವು. ಪರೀಕ್ಷೆ ಹತ್ತಿರ ಬಂದಾಗ ಪೆನ್ಸಿಲ್‌ನದ್ದು ಮಾತ್ರ ಮತ್ತೆ ತಾಳೆ ನೋಡಿದರೆ ಆಯ್ತು. ವಾಟ್ಸ್‌ಆಪ್‌ನಲ್ಲಿ ಬರುವ 'ಟಾಪ್ ನೂರು ಪ್ರಶ್ನೆ' ಪಿಡಿಎಫ್ ನಂಬಿ ಮಾತ್ರ ಕೂರಬೇಡಿ ಮೇಡಂ.

ಗ್ರಾಮೀಣ ಲೈಬ್ರರಿಯಲ್ಲಿ ಓದಿದವನು, ಕೊಪ್ಪಳ

ಪ್ರಶ್ನೋತ್ತರ ಪುಸ್ತಕ ಮುಚ್ಚಿಡಿ ಅನ್ನೋದನ್ನ ನಾನು ಒಪ್ಪಲ್ಲ ಸರ್. ಕೆಲಸಕ್ಕೆ ಹೋಗಿ ಬಂದು ಸುಸ್ತಾದವರಿಗೆ ಪಾಠ ಪೂರ್ತಿ ಓದುವ ಶಕ್ತಿ ದಿನಾ ಇರಲ್ಲ. ಆದರೆ ಓದುವ ರೀತಿ ಬದಲಿಸಬೇಕು. ಸರಿ ಉತ್ತರಕ್ಕೆ ಟಿಕ್ ಹಾಕಿ ಮುಂದೆ ಹೋಗಬೇಡಿ ಅಕ್ಕ. ಉಳಿದ ಮೂರು ಆಯ್ಕೆ ಯಾಕೆ ತಪ್ಪು, ಅವು ಯಾವ ಪ್ರಶ್ನೆಗೆ ಉತ್ತರ ಅಂತ ನೋಡಿ. ಮತದಾನದ ವಯಸ್ಸನ್ನ 21ರಿಂದ 18ಕ್ಕೆ ಇಳಿಸಿದ ಸಂವಿಧಾನ ತಿದ್ದುಪಡಿ ಯಾವುದು, ಆಯ್ಕೆಗಳು 42, 44, 61, 73. ಉತ್ತರ 61. ಸರಿ, 42 ಯಾವುದು? 1976ರದ್ದು, ಮೂಲಭೂತ ಕರ್ತವ್ಯ ಬಂದಿದ್ದು. 44 ಅಂದ್ರೆ 1978, ಆಸ್ತಿ ಹಕ್ಕನ್ನ ಮೂಲಭೂತ ಹಕ್ಕಿನಿಂದ ತೆಗೆದಿದ್ದು. 73 ಪಂಚಾಯತ್ ರಾಜ್, 1993ರ ಏಪ್ರಿಲ್ 24ಕ್ಕೆ ಜಾರಿ, ಅದರಿಂದಲೇ 11ನೇ ಅನುಸೂಚಿ ಬಂತು, ಅದರಲ್ಲಿ 29 ವಿಷಯ. ಪಿಡಿಒ ಬರೆಯುವವರು ಈ ಕೊನೆಯದನ್ನ ಬಿಡೋ ಹಾಗೇ ಇಲ್ಲ. ಒಂದು ಪ್ರಶ್ನೆಯಲ್ಲಿ ನಾಲ್ಕು ಓದಿದಂಗಾಯ್ತು.

ಮೊದಲು ಹಳೇ ಪ್ರಶ್ನೆಪತ್ರಿಕೆ ಇಟ್ಕೊಂಡು ಶುರು ಮಾಡಿ. 'ಹೊಂದಿಸಿ', 'ಈ ಹೇಳಿಕೆಗಳಲ್ಲಿ ಯಾವುದು ಸರಿ' ಅನ್ನೋ ಥರದ ಪ್ರಶ್ನೆಗಳು ಎಷ್ಟು ಅಂತ ನೀವೇ ನೋಡ್ತೀರಿ. ಬರೀ ಬಾಯಿಪಾಠ ಅಲ್ಲಿ ಕೈ ಕೊಡುತ್ತೆ.

ಬಿ.ಎಸ್ಸಿ ಓದಿ ಮನೆಪಾಠ ಹೇಳುವವಳು, ಹಾಸನ

ವಿಜ್ಞಾನಕ್ಕೆ ಹೆದರಬೇಡಿ ಮೇಡಂ. ನಿಮ್ಮ ಅಡುಗೆಮನೆಯಲ್ಲೇ ಅರ್ಧ ಸಿಲೆಬಸ್ ಇದೆ. ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್, ಮೊಸರಲ್ಲಿ ಲ್ಯಾಕ್ಟಿಕ್, ವಿನೆಗರ್‌ನಲ್ಲಿ ಅಸಿಟಿಕ್. ಅಡುಗೆ ಸೋಡ ಸೋಡಿಯಂ ಬೈಕಾರ್ಬೊನೇಟ್, ಬಟ್ಟೆ ತೊಳೆಯುವ ಸೋಡ ಸೋಡಿಯಂ ಕಾರ್ಬೊನೇಟ್, ಇವೆರಡನ್ನ ಜಾಸ್ತಿ ಜನ ಅದಲು ಬದಲು ಮಾಡ್ತಾರೆ. ಕುಕ್ಕರ್‌ನಲ್ಲಿ ಬೇಳೆ ಬೇಗ ಬೇಯುತ್ತೆ ಯಾಕೆ? ಒತ್ತಡ ಏರಿದರೆ ನೀರಿನ ಕುದಿಯುವ ಬಿಂದುವೂ ಏರುತ್ತೆ. ಬೆಟ್ಟದ ಮೇಲೆ ಇದಕ್ಕೆ ಉಲ್ಟಾ. ಉಪ್ಪಿಗೆ ಅಯೋಡಿನ್ ಯಾಕೆ ಹಾಕ್ತಾರೆ? ಥೈರಾಯ್ಡ್ ಗ್ರಂಥಿಗೆ ಬೇಕು, ಕೊರತೆಯಾದರೆ ಗಳಗಂಡ. ಯಾವ ವಿಟಮಿನ್ ಕೊರತೆಯಾದರೆ ಯಾವ ರೋಗ ಅನ್ನೋ ಪಟ್ಟಿ ಮಾತ್ರ ಬರೆದು ಗೋಡೆಗೆ ಅಂಟಿಸಿ: ಎ ಇರುಳುಗಣ್ಣು, ಬಿ1 ಬೆರಿಬೆರಿ, ಸಿ ಸ್ಕರ್ವಿ, ಡಿ ರಿಕೆಟ್ಸ್.

ಕೇಳಿದವಳು

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಆಯ್ಕೆ ನೋಡಿ ಓದೋದು ಇವತ್ತಿಂದಲೇ ಶುರು. ನದಿ, ಅಣೆಕಟ್ಟು ಹೇಗೆ ನೆನಪಿಡೋದು? ಅದರಲ್ಲೇ ಪದೇ ಪದೇ ಗೊಂದಲ.

ಹೈಸ್ಕೂಲ್ ಮೇಷ್ಟ್ರು, ಶಿರಸಿ

ಪಟ್ಟಿ ಬೇಡ, ಖಾಲಿ ನಕ್ಷೆ ತಗೋ. ನಿನ್ನ ಊರಿಂದಲೇ ಶುರು ಮಾಡು. ದಾವಣಗೆರೆ ಗದ್ದೆಗೆ ಬರೋದು ಭದ್ರಾ ನಾಲೆ ನೀರು, ಅಣೆಕಟ್ಟು ಲಕ್ಕವಳ್ಳಿಯಲ್ಲಿ. ಭದ್ರೆ ಕೂಡಲಿಯಲ್ಲಿ ತುಂಗೆಗೆ ಸೇರ್ತಾಳೆ. ಮುಂದೆ ಹರಿಹರದ ಪಕ್ಕ ಹರಿಯೋದು ತುಂಗಭದ್ರೆ. ಹೊಸಪೇಟೆ ಹತ್ತಿರ ಅಣೆಕಟ್ಟು, ಆಮೇಲೆ ರಾಜ್ಯ ದಾಟಿ ಕೃಷ್ಣೆಗೆ ಸೇರುತ್ತೆ. ಕೃಷ್ಣೆಗೆ ಬಂದ್ಯಾ? ಅದರ ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ. ಉಪನದಿ ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ. ಇವೆಲ್ಲ ಪೂರ್ವಕ್ಕೆ ಹೋಗುವವು. ನಮ್ಮ ಕಡೆಯವು ಪಶ್ಚಿಮಕ್ಕೆ: ಕಾಳಿಗೆ ಸೂಪಾ, ಶರಾವತಿಗೆ ಲಿಂಗನಮಕ್ಕಿ, ಅಲ್ಲಿಂದ ಮುಂದೆ ಜೋಗ, ಕೊನೆಗೆ ಹೊನ್ನಾವರದಲ್ಲಿ ಸಮುದ್ರ. ಕಾವೇರಿದು ನೀನೇ ಬರಿ, ತಲಕಾವೇರಿಯಿಂದ ಹಿಡಿದು. ಹಾರಂಗಿ, ಹೇಮಾವತಿ, ಕಬಿನಿ, ಶಿಂಷಾ, ಅರ್ಕಾವತಿ ಎಲ್ಲೆಲ್ಲಿ ಸೇರುತ್ತವೆ ಅಂತ ಗುರುತು ಹಾಕಿ ಫೋಟೋ ಹಾಕು, ತಿದ್ದಿ ಕೊಡ್ತೇನೆ.